ನಿನ್ನೆ ಏನೇನು ತಿಂದಿರಿ

ಕೇಳಿದರೆ ಸಾಕು,
ಎಲ್ಲರೂ ನಿನ್ನೆ ಒಂದು ಸೇಬು ತಿಂದಿರುತ್ತಾರೆ.

ಸೊಹಾರ್ ಬಂದರಿನಾಚೆ, ಕ್ಯಾಂಪಿನ ಮೂರನೇ ಬ್ಲಾಕು.
ನನ್ನ ಚೀಲದಲ್ಲಿ ಅಳತೆಯ ಬಟ್ಟಲು ನಾಲ್ಕು, ಚಮಚ ಮೂರು,
ಪ್ಲಾಸ್ಟಿಕ್ಕಿನ ಕೋಳಿಕಾಲು, ಪ್ಲಾಸ್ಟಿಕ್ಕಿನ ಅರ್ಧ ಕಪ್ ಅನ್ನ,
ಒಂದು ಸೇಬು, ಜೂನ್ ತಿಂಗಳ ಕಾರಿನೊಳಗೆ ಬೆಂದು
ಒಂದು ಮಗ್ಗುಲಿಗೆ ವಾಲಿದ್ದು.
"ಇಷ್ಟೇ ದೊಡ್ಡದಾ?"
"ಇಷ್ಟೇ. ಆದರೆ ನೆಟ್ಟಗಿತ್ತು," ಅನ್ನುತ್ತಾನೆ ಎಲಿಯಾಸ್.

ಶಮ್ಸಾ ಹೇಳಿಕೊಟ್ಟಿದ್ದಾಳೆ: ಮುಖದಲ್ಲಿ ಏನೂ ತೋರಬಾರದು.
ಭೇಷ್ ಅನ್ನಬಾರದು, ಅಯ್ಯೋ ಅನ್ನಬಾರದು.
ಎದ್ದಾಗಿನಿಂದ ಮಲಗುವವರೆಗೆ ಕೈಹಿಡಿದು ನಡೆಸು,
ಮತ್ತೆ ಹಿಂದಿರುಗಿ ಕೇಳು: ನಡುವೆ ಏನಾದರೂ?
ಚಹಾ? ಸಕ್ಕರೆ ಎಷ್ಟು?
ಜನ ಮರೆಯುವುದು ಹೆಚ್ಚಾಗಿ ಸಿಹಿಯನ್ನೇ.

ಹದಿನಾಲ್ಕನೇ ಕೋಣೆ. ಆರು ಮಂಚ, ಒಂದು ತಟ್ಟೆ.
ತಟ್ಟೆಯೇನು, ಮದುವೆಮನೆಯ ಪರಾತ.
ಅನ್ನದ ಮೇಲೆ ಅಂಜಲ್ ಮೀನು, ಒಣನಿಂಬೆಯ ಕಪ್ಪು ಗುಂಡು,
ಪಕ್ಕದಲ್ಲಿ ಲಬನ್ನಿನ ಬಾಟಲಿ.
ಇದರಲ್ಲಿ ನಿಮ್ಮ ಪಾಲು ಎಷ್ಟು ಎಂದೆ.
ಆರು ಜನ ಒಬ್ಬರ ಮುಖ ಒಬ್ಬರು ನೋಡಿದರು,
ಯಾರೋ ಕಳವಿನ ಮಾತೆತ್ತಿದ ಹಾಗೆ.

ಆರರಿಂದ ಭಾಗಿಸು, ಎನ್ನುತ್ತದೆ ಕೈಪಿಡಿ.
ಆದರೆ ಖಿಮ್‌ಲಾಲನಿಗೆ ರಾತ್ರಿ ಪಾಳಿ,
ಮೀನಿನ ಹೊಟ್ಟೆಭಾಗ ಅವನತ್ತ ತಾನಾಗಿ ಸರಿಯುತ್ತದೆ,
ತಳ್ಳಿದ ಬೆರಳನ್ನು ಯಾರೂ ಕಂಡಿಲ್ಲ.
ಎಲಿಯಾಸ್ ಅಡುಗೆಯವನು,
ರುಚಿ ನೋಡಿಯೇ ಹೊಟ್ಟೆ ತುಂಬಿತು ಅನ್ನುತ್ತಾನೆ.
ರುಚಿ ನೋಡಿದ್ದು ಎಷ್ಟು ಗ್ರಾಂ?
ಮೂಲೆಯ ಹುಡುಗ, ಕೆಲಸ ಹೋಗಿ ಎರಡು ತಿಂಗಳು,
ತನ್ನ ಮುಂದಿನ ಅನ್ನವನ್ನು ಅಂಚಿನಿಂದ ಒಳಕ್ಕೆ ಒತ್ತುತ್ತಾನೆ,
ತಿಂದ ಜಾಗ ಖಾಲಿ ಕಾಣಲೆಂದು.
ಆರರಿಂದ ಭಾಗಿಸಿದೆ.
ಶೇಷ ಸೊನ್ನೆ.

ಮಾನಪ್ಪನ ಊರು ಲಿಂಗಸುಗೂರಿನ ಹತ್ತಿರ.
ರಜೆ ಮುಗಿಸಿ ಬಂದವನೊಬ್ಬನ ಪೆಟ್ಟಿಗೆಯಲ್ಲಿ
ಬಟ್ಟೆಗಳ ನಡುವೆ ಬಂದ ಖಟಕ್ ರೊಟ್ಟಿ,
ದಿನಕ್ಕೊಂದರಂತೆ ಮುರಿಯುತ್ತಿದ್ದಾನೆ.
ನನ್ನ ಟ್ಯಾಬಿನಲ್ಲಿ ಖುಬ್ಬೂಸಿಗೆ ಹನ್ನೊಂದು ಸಂಖ್ಯೆ,
ಎಣ್ಣೆ ಸವರಿದ್ದು, ಸವರದ್ದು, ಎಳ್ಳು ಉದುರಿಸಿದ್ದು.
ಜೋಳ ಇಲ್ಲ.
'ಇತರೆ' ಒತ್ತಿದೆ. ಇತರೆಗೆ ಅಂಕವಿಲ್ಲ.

ಗೋಡೆಯ ಮೇಲೆ ನಾವೇ ಅಂಟಿಸಿದ ಚಿತ್ರ:
ಉಪ್ಪು ದಿನಕ್ಕೆ ಒಂದು ಚಮಚದ ಒಳಗಿರಲಿ.
ಅದರ ಕೆಳಗೆ ಮೊಳೆಗೆ ಮಾನಪ್ಪನ ಅಂಗಿ,
ಬೆನ್ನಿನ ಮೇಲೆ ಬಿಳಿ ಗೆರೆ, ಅದರಾಚೆ ಇನ್ನೊಂದು,
ಸಮುದ್ರ ಹಿಂದೆ ಸರಿದ ಗುರುತಿನಂತೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ನಮ್ಮ ಗಾದೆ.
ಇಲ್ಲಿ ಸಾರುವೆಯ ಮೇಲೆ, ಮಧ್ಯಾಹ್ನದ ಕಬ್ಬಿಣದಲ್ಲಿ,
ಹತ್ತು ಲೀಟರ್ ನೀರು ಕುಡಿದವನು
ಉಪ್ಪು ಹುಡುಕುತ್ತಾನೆ.
"ಒಳಗ ಹೋದದ್ದು ಬರಕೊಂಡ್ರಿ ಅಕ್ಕಾರ,
ಹೊರಗ ಹೋದದ್ದಕ್ಕ ಕಾಲಂ ಇಲ್ಲೇನ್ರಿ?"

ಮುಖದಲ್ಲಿ ಏನೂ ತೋರಬಾರದು.
ತೋರಿರಬೇಕು. ಅವನೇ ಸಮಾಧಾನ ಮಾಡಿದ:
"ಇರಲಿ ಬಿಡ್ರಿ. ಒಂದು ಸೇಬು ಸೇರಿಸಿ ಬರೀರಿ."

ಕೋಣೆಯ ಸರಾಸರಿ, ನೂರಕ್ಕೆ ನಲವತ್ತಮೂರು.
ಹಣ್ಣಿನಲ್ಲಿ ಮಾತ್ರ ಒಳ್ಳೆಯ ಅಂಕ.

ಸಂಜೆ ಕಡಲ ದಂಡೆಯಲ್ಲಿ, ಕಾರಿನ ಏಸಿ ಜೋರಾಗಿಟ್ಟು,
ಶಮ್ಸಾ ನನ್ನನ್ನು ಕೇಳಿದಳು. ವಾರಕ್ಕೊಮ್ಮೆ
ನಾವೂ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು, ನಿಯಮ.
ಬೆಳಿಗ್ಗೆ? ಚಹಾ, ರಸ್ಕು.
ಮಧ್ಯಾಹ್ನ? ನೆನಪಿಲ್ಲ. ಮೊಸರು ಇರಬೇಕು.
ರಾತ್ರಿ? ಫ್ರಿಜ್ಜಿನ ಬಾಗಿಲು ತೆರೆದೇ, ಪಾತ್ರೆಯಿಂದಲೇ,
ನಿಂತುಕೊಂಡು. ನಿಂತು ತಿಂದದ್ದೂ ಲೆಕ್ಕಕ್ಕಾ?
"ಲೆಕ್ಕಕ್ಕೆ."
ಅಲ್ಲಿಂದ ಮಲಗುವವರೆಗೆ ನಡೆಸಿಕೊಂಡು ಹೋದಳು,
ಮತ್ತೆ ಹಿಂದಿರುಗಿದಳು. ನಡುವೆ ಏನಾದರೂ?

ಹೊರಗೆ ದೋಣಿಯೊಂದನ್ನು ನಾಲ್ವರು
ಮರಳಿನ ಮೇಲೆ ಎಳೆಯುತ್ತಿದ್ದರು,
ಯಾರ ಪಾಲು ಎಷ್ಟೆಂದು ಹೇಳಲಾಗದಂತೆ.

ಹಾಂ, ಎಂದೆ. ಒಂದು ಸೇಬು.

ಶಮ್ಸಾಳ ಮುಖದಲ್ಲಿ ಏನೂ ತೋರಲಿಲ್ಲ.
ಹಿಂದಿನ ಸೀಟಿಗೆ ಕೈಚಾಚಿ
ಆ ಸೊಟ್ಟ ಸೇಬನ್ನು ಎತ್ತಿ, ತಿರುಗಿಸಿ ನೋಡಿ,
ಅರ್ಧ ಎಂದು ಬರೆದುಕೊಂಡಳು.