ಠೇವಣಿ

ಎಣಿಕೆ ಮುಗಿದು ಮೂರು ದಿನ.
ಯಾರಿಗೂ ಬಹುಮತ ಇಲ್ಲ.
ಗೆದ್ದವರು ಬಸ್ಸು ಹತ್ತಿ ಯಾವುದೋ ರೆಸಾರ್ಟಿನಲ್ಲಿ ಈಜುತ್ತಿದ್ದಾರೆ,
ಸೋತವರಲ್ಲಿ ಎಂಟು ಮಂದಿಗೆ ಠೇವಣಿಯೂ ಹೋಯಿತು.
ನನ್ನದು ಮಾತ್ರ ಇವತ್ತೇ ಕೈಗೆ ಬಂದಿದೆ:
ಐದು ವರ್ಷದ್ದು, ಬಡ್ಡಿ ಸೇರಿ
ಮೂರು ಲಕ್ಷದ ಹನ್ನೊಂದು ಸಾವಿರ.

ಚೌಕಿಪೇಟೆಯ ಸೀರೆ ಅಂಗಡಿಯಲ್ಲಿ
ಲೆಕ್ಕ ಬರೆಯುವವಳು ನಾನು, ಉಚ್ಚೆಂಗಮ್ಮ.
ಬೇರೆಯವರ ದುಡ್ಡನ್ನು ಇಪ್ಪತ್ತಾರು ವರ್ಷ
ತಪ್ಪಿಲ್ಲದೆ ಕೂಡಿಸಿದ ಕೈ
ನನ್ನದಕ್ಕೆ ಬಂದರೆ ತಡವರಿಸುತ್ತದೆ.

"ನನ್ನತ್ರ ಬಿಡಮ್ಮ, ಎರಡು ರೂಪಾಯಿ ಬಡ್ಡಿ ಕೊಡ್ತೀನಿ" ಅಂದರು ಧಣಿ.
ಅವರ ಪುಸ್ತಕ ಬರೆಯುವವಳು ನಾನೇ.
ಬೇಡ.

ಅಕ್ಕ ಫೋನಿನಲ್ಲಿ:
"ಬಂಗಾರ ತಗೋ. ಸರ್ಕಾರ ಬಿದ್ರೂ ಬಳಿ ಬೀಳಂಗಿಲ್ಲ."
ಬಳೆ ಬೀಳುವುದಿಲ್ಲ, ನಿಜ.
ಮದುವೆ ಮದುವೆಗೂ ಅದನ್ನು ಎರವಲು ಕೇಳುವವರು
ಬಿದ್ದೇ ಬೀಳುತ್ತಾರೆ, ಅವಳೇ ಮೊದಲು.

ಬ್ಯಾಂಕಿನ ತಿಪ್ಪೇಶ, ಮೊನ್ನೆ ಮೊನ್ನೆ ಸೇರಿದ ಹುಡುಗ,
"ಮಾರ್ಕೆಟ್ ಬಿದ್ದೈತಿ ಆಂಟಿ, ಇದೇ ಟೈಮು" ಎಂದು
ಚಲನ್ನಿನ ಹಿಂದೆ ಒಂದು ಗೆರೆ ಎಳೆದ.
ಇಳಿದು, ಇಳಿದು, ಕಾಗದದ ಅಂಚಿಗೆ ಬಂದು ನಿಂತಿತು.
"ಇಲ್ಲಿಂದ ಮುಂದೆ?"
"ಮೇಲಕ್ಕೇ."
ಕಾಗದ ಅಲ್ಲಿಗೆ ಮುಗಿದಿತ್ತು.

ಅವನ ತಲೆಯ ಮೇಲೆ ಗೋಡೆಬರಹ: ನಿಮ್ಮ ಹಣ ಇಲ್ಲಿ ಭದ್ರ.
ದಾವಣಗೆರೆಯಲ್ಲಿ ಭದ್ರಾ ಅಂದರೆ ನಲ್ಲಿ.
ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ.
ಬಂದಾಗ ಕೊಡ, ಬಕೆಟ್ಟು, ಕುಕ್ಕರು,
ಒಗ್ಗರಣೆ ಸೌಟಿನವರೆಗೂ ಹಿಡಿದಿಡಬೇಕು.
ಎಲ್ಲವನ್ನೂ ಒಂದೇ ಹಂಡೆಗೆ ನಂಬುವ ಹೆಂಗಸು
ನಮ್ಮ ಓಣಿಯಲ್ಲಿ ಒಬ್ಬಳೂ ಇಲ್ಲ.

ಅಪ್ಪ ಹತ್ತಿ ಮಿಲ್ಲಿನಲ್ಲಿ ಕಡಿದ ಎಳೆ ಜೋಡಿಸುತ್ತಿದ್ದ.
ಮಿಲ್ಲು ಬಾಗಿಲು ಹಾಕಿದಾಗ ಬಂದ ದುಡ್ಡನ್ನು
ಟ್ರಂಕಿಗೆ ಹಾಕಿ ಅದರ ಮೇಲೆ ಕೂತ.
"ಎಲೆಕ್ಷನ್ ಆಗ್ಲಿ. ನಮ್ಮೋರು ಬಂದ್ರೆ ಮಿಲ್ಲು ತೆಗೀತಾರೆ.
ಆಮೇಲೆ ಸೈಟು ನೋಡಿದ್ರಾತು."
ಅವನವರು ಬಂದರು. ಹೋದರು. ಇನ್ನೊಮ್ಮೆ ಬಂದರು.
ಸೈಟಿನ ರೇಟು ಯಾವ ಪಕ್ಷಕ್ಕೂ ಸೇರದೆ
ತನ್ನ ಪಾಡಿಗೆ ಏರುತ್ತಾ ಹೋಯಿತು.
ಟ್ರಂಕಿನ ದುಡ್ಡು ಕೊನೆಗೆ
ಅವನ ಎದೆಯ ಎಕ್ಸ್‌ರೇಗಳಿಗಾಯಿತು.
ಹತ್ತಿಯ ಧೂಳು, ಅಂದರು ಡಾಕ್ಟರು,
ಬೆಳಕಿಗೆ ಹಿಡಿದು ತೋರಿಸಿದರು.

ಊಟದ ಬಿಡುವು ಇನ್ನು ಹದಿನೈದು ನಿಮಿಷ.
ಅಂಗಡಿಯ ಅಕ್ಷರದಲ್ಲೇ ಫಾರಮ್ಮು ತುಂಬಿದೆ:
ಒಂದೂವರೆ ಲಕ್ಷ ಮತ್ತೆ ಇಲ್ಲೇ, ಈ ಸಲ ಒಂದೇ ವರ್ಷಕ್ಕೆ.
ಒಂದು ಲಕ್ಷ ಪೋಸ್ಟಾಫೀಸಿಗೆ.
ಐವತ್ತು ಸಾವಿರ ಖಾತೆಯಲ್ಲಿ,
ಅದರಿಂದ ತಿಂಗಳಿಗೆ ಎರಡು ಸಾವಿರ ತಿಪ್ಪೇಶನ ಗೆರೆಗೆ,
ಮೇಲೆ ಹತ್ತುತ್ತದೋ, ಅಂಚಿನಿಂದ ಬೀಳುತ್ತದೋ, ನೋಡೇ ಬಿಡೋಣ.
ಹನ್ನೊಂದು ಸಾವಿರ ಕೈಗೆ, ನಗದು:
ಮೂರು ವರ್ಷದಿಂದ ಮುಂದೂಡಿದ ಎಡದವಡೆಯ ಹಲ್ಲಿಗೆ.
ಸರಿಯೋ ತಪ್ಪೋ ತಿಳಿಯದು.
ಕೂಡಿಸಿದರೆ ತಾಳೆಯಾಗುತ್ತದೆ, ಅಷ್ಟೆ.

ಹೊರಗೆ ಅಲ್ಲಾಬಕ್ಷಿಯ ಗಾಡಿ.
ಒಂದು ಕಣ್ಣು ಮೊಬೈಲಿನ ಸುದ್ದಿಯಲ್ಲಿ, ಒಂದು ಬಾಣಲೆಯಲ್ಲಿ.
"ಯಾರು ಬರ್ತಾರಕ್ಕ?" ಎನ್ನುತ್ತಾ
ಮಂಡಕ್ಕಿಗೆ ಮೆಣಸಿನಕಾಯಿ ಇಟ್ಟು ಕೊಟ್ಟ.
ಪೊಟ್ಟಣದ ಪೇಪರು ಹೋದ ವಾರದ್ದು, ಮತದಾನೋತ್ತರ ಸಮೀಕ್ಷೆ;
ಎಣ್ಣೆ ಕುಡಿದು ಎರಡೂ ಪುಟ ಒಂದರೊಳಗೊಂದು ಕಾಣುತ್ತಿವೆ.
ಬಲದವಡೆಯಲ್ಲಿ ಅಗಿಯುತ್ತಾ ನಡೆದೆ.

ಎಡಗೈ ತೋರುಬೆರಳಿಗೆ ಇನ್ನೂ ಶಾಯಿ ಇದೆ,
ಉಗುರಿನ ಬುಡದಲ್ಲಿ.
ಕಣ್ಣಿಗೆ ಕಾಣದಷ್ಟು ದಿನಾ ಮೇಲೇರಿ
ತುದಿಗೆ ಬಂದ ದಿನ ಕತ್ತರಿಸಿ ಎಸೆಯುತ್ತೇನೆ.
ಅಷ್ಟರೊಳಗೆ ಯಾರಾದರೊಬ್ಬರು ಬಂದಿರುತ್ತಾರೆ.
ಹಲ್ಲಂತೂ ಕಟ್ಟಿಸಿರುತ್ತೇನೆ.