ಅಚ್ಚಿನ ತಗಡು

ಕಾರಟಗಿಯ ರೈಸ್ ಮಿಲ್ಲಿನಲ್ಲಿ
ಚೀಲದ ಮೇಲೆ ಊರ ಹೆಸರು ಹೊಡೆಯುವವ ನಾನು, ಮೌಲಾಸಾಬ.
ನೀಲಿ ಬಣ್ಣ, ತಗಡಿನ ಅಚ್ಚು: ಕೊಟೊನು.
ಎಲ್ಲಿದೆಯೋ. ನನ್ನ ಉಗುರಿಗಷ್ಟೇ ಅದರ ಗುರುತು.

ನಿನ್ನೆ ರಾತ್ರಿ ದಿಲ್ಲಿಯ ಆದೇಶ:
ನುಚ್ಚು ಗಡಿ ದಾಟಬಾರದು.
ಟಿವಿಯಲ್ಲಿ ನಾಲ್ಕು ಕೋಟುಗಳು
ದೇಶದ ಹಿತ, ದೇಶದ ಹಿತ ಎಂದು ಜಗಳಾಡಿದವು.
ನುಚ್ಚು ಉಂಡ ಮುಖ ಒಂದೂ ಕಾಣಲಿಲ್ಲ.

"ನಮ್ಮ ಹೊಟ್ಟಿ ಮೊದಲಲ್ಲೇನು?" ಅಂದಳು
ಚೀಲ ಹೊಲಿಯುವ ದುರುಗಮ್ಮ.
ಖರೆ, ಅದೂ ಖರೆ.
ಆಮೇಲೆ ದಬ್ಬಣ ಕೆಳಗಿಟ್ಟು,
"ಅಲ್ಲೂ ಎಸರು ಇಟ್ಟಿರತಾರಲ್ಲ?"

ಹಮಾಲರು ಮಧ್ಯಾಹ್ನವೇ ಮನೆಗೆ ಹೋದರು.
ನಾಳೆ ಚೀಲ ತಿರುವಿ
ಬೇರೆ ಊರು ಹೊಡೆಯಬೇಕು.
ತಗಡನ್ನು ಸೀಮೆಎಣ್ಣೆಯಲ್ಲಿ ತೊಳೆದು
ಕಿಟಕಿಗೆ ಆನಿಸಿಟ್ಟೆ.

ಅದರ ತೂತುಗಳಿಂದ ಇಳಿಬಿಸಿಲು
ನೆಲದ ತೌಡಿನ ಮೇಲೆ
ಇನ್ನೂ ಅದೇ ಊರು ಬರೆಯುತ್ತಿತ್ತು.