ಬಿಗಿ

ಸೊಲ್ಲಾಪುರದ ತಾಲೀಮಿನ ಕೆಮ್ಮಣ್ಣಲ್ಲಿ
ಕಲಿತದ್ದು ಕೆಡವುವುದನ್ನು.
ಆಮೇಲೆ ಕಲಕತ್ತೆಯ ಮುದುಕ ಲಿಯಾಂಗ್
ಎರಡು ವರ್ಷ ಬರೀ ನಿಲ್ಲಿಸಿದ,
ಮೊಣಕಾಲು ತುಸು ಮಡಿಸಿ,
ಗಾಳಿಯ ಹಂಡೆಯೊಂದನ್ನು ತಬ್ಬಿದ ಹಾಗೆ.
ಮೂರನೆಯ ವರ್ಷ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ
ಅಂದ: ತಳ್ಳಬೇಡ, ಕೇಳು.

ಸೂಜಿ ಕೊಟ್ಟದ್ದು ಏಳಕ್ಕೆ.

ಇವತ್ತು ಬೀಡಿ ಕಟ್ಟುವ ಅಂಬವ್ವ
ಹೆಬ್ಬೆರಳ ನೋವು ತಂದಿದ್ದಾಳೆ.
ಮೂರು ಬೆರಳಿಟ್ಟು ನಾಡಿ ಹಿಡಿದೆ.
ತಂಬಾಕಿನ ಘಾಟು. ಗೋಡೆಯಾಚೆ ಮಗ್ಗಗಳ ಖಟಖಟ.

"ಕೈ ಭಾಳ ಬಿಗಿ ಆತಲ್ಲೋ ಡಾಕ್ಟರ.
ಹಿಂಗ ಸುತ್ತಿದ್ರ ಬೀಡಿಗೆ ಉಸುರ ಹಾಯಂಗಿಲ್ಲ;
ಸಡ್ಲ ಬಿಟ್ಟಿ, ಉದುರತೈತಿ."

ಸೂಜಿಯ ತಟ್ಟೆ ಸರಿಸಿ
ನನ್ನ ಕೈ ಚಾಚಿದೆ:
ಎಷ್ಟು ಬಿಗಿ, ತೋರಿಸವ್ವ.

ನೋಯುವ ಹೆಬ್ಬೆರಳಲ್ಲೇ
ಹಿಡಿದಳು.